ಓಣಿ ಒಂದೇ, ಒಲೆ ಬೇರೆ: ಹೆಣ್ಣುಮಕ್ಕಳು ಕೂಡಿ ತೂಕ ಇಳಿಸುವುದಕ್ಕೆ ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ತೂಕ ಇಳಿಸಬೇಕೆಂದು ಹೊರಟ ಹೆಣ್ಣುಮಗಳಿಗೆ ಸಲಹೆಯ ಕೊರತೆ ಎಂದೂ ಇಲ್ಲ. ಜೀರಿಗೆ ನೀರಿನಿಂದ ಹಿಡಿದು ಜಿಮ್‌ವರೆಗೆ, ಕಂಡವರೆಲ್ಲ ಹೇಳುವವರೇ. ಸಿಗದಿರುವುದು ಬೇರೆ. ಬೆಳಗಿನ ಐದೂವರೆಗೆ ಬಾಗಿಲಿಗೆ ಬಂದು ಕರೆಯುವವರು ಸಿಗುವುದಿಲ್ಲ. ಆ ಒಂದು ಗಂಟೆ ಮಗುವನ್ನು ನೋಡಿಕೊಳ್ಳುವವರು ಸಿಗುವುದಿಲ್ಲ. ರಾತ್ರಿ ಹತ್ತಕ್ಕೆ, ಎಲ್ಲರೂ ಉಂಡೆದ್ದ ಮೇಲೆ ಉಳಿದ ಅನ್ನದ ಪಾತ್ರೆಯ ಮುಂದೆ ಒಬ್ಬಳೇ ಕುಳಿತಾಗ ಫೋನ್ ಎತ್ತುವವರಂತೂ ಇಲ್ಲವೇ ಇಲ್ಲ. ಇಂಥವರನ್ನು ಒಟ್ಟುಗೂಡಿಸುವುದು ಹೇಗೆ, ಕೂಡಿದ ಮೇಲೆ ಮಾಡುವುದೇನು ಎಂಬುದಷ್ಟೇ ಈ ಬರಹದ ವಿಷಯ.

ಕೂಡಿ ಮಾಡಿದರೆ ಆಗುವ ಲಾಭ ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಸಂಶೋಧಕರಾದ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ನೋಡಿದೆ. ಒಬ್ಬೊಬ್ಬರೇ ಬಂದು ಸಾಮಾನ್ಯ ಕ್ರಮದ ಚಿಕಿತ್ಸೆ ಪಡೆದವರಲ್ಲಿ ಶೇ. 76ರಷ್ಟು ಜನ ಅದನ್ನು ಪೂರ್ತಿ ಮಾಡಿದರು. ಇಳಿದ ತೂಕವನ್ನು ಆಮೇಲೆಯೂ ಪೂರ್ತಿ ಉಳಿಸಿಕೊಂಡವರು ಶೇ. 24 ಮಾತ್ರ. ಗೆಳೆಯ ಗೆಳತಿಯರೊಂದಿಗೆ ಬಂದು, ಒಬ್ಬರಿಗೊಬ್ಬರು ಆಸರೆಯಾಗುವ ಬಗೆಯನ್ನೂ ಕಲಿತವರಲ್ಲಿ ಈ ಅಂಕಿಗಳು ಶೇ. 95 ಮತ್ತು ಶೇ. 66. ಜೊತೆಗೆ ಬಂದದ್ದರಷ್ಟೇ ಮುಖ್ಯ, ಆಸರೆಯಾಗುವುದನ್ನು ಕಲಿತದ್ದು.

ಗುಂಪು ಕಟ್ಟುವುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ತ್ರೀಶಕ್ತಿ ಯೋಜನೆ ಶುರುವಾದ 2000-01ರಿಂದ ಓಣಿಗೊಂದು ಸಂಘ ನೋಡಿದ್ದೇವೆ. ವಾರಕ್ಕೊಮ್ಮೆ ಕೂಡುವುದು, ಲೆಕ್ಕದ ಪುಸ್ತಕ ಬರೆಯುವುದು, ಸರದಿಯ ಮೇಲೆ ಮನೆ ಬದಲಾಯಿಸುವುದು ಎಲ್ಲರಿಗೂ ಗೊತ್ತು. ಆ ಚೌಕಟ್ಟು ಸಾಕು. ದಂಡವನ್ನು ಮಾತ್ರ ಬಿಡಿ. ತೂಕ ಇಳಿಯಲಿಲ್ಲವೆಂದು ಹತ್ತು ರೂಪಾಯಿ ದಂಡ ಹಾಕುವ ಗುಂಪಿನಲ್ಲಿ ಮುಂದಿನ ವಾರ ಇಳಿಯುವುದು ತೂಕವಲ್ಲ, ಬರುವವರ ಸಂಖ್ಯೆ.

ಹೆಜ್ಜೆ 1: ಯಾರನ್ನು ಕರೆಯಬೇಕು

ಐದರಿಂದ ಎಂಟು ಜನ ಇದ್ದರೆ ಸಾಕು. ಮೂವರೇ ಇದ್ದರೆ ಒಬ್ಬಳು ತವರಿಗೆ ಹೋದ ವಾರ ಎಲ್ಲವೂ ನಿಲ್ಲುತ್ತದೆ. ಹತ್ತು ದಾಟಿದರೆ ಇಬ್ಬರು ಮಾತನಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಎಲ್ಲರ ಮನೆಯೂ ನಡೆದು ಹೋಗುವಷ್ಟು ಹತ್ತಿರವಿರಲಿ. ಸೇಡಂ ರಸ್ತೆಯವಳೂ ಜೇವರ್ಗಿ ರಸ್ತೆಯವಳೂ ಎಷ್ಟೇ ಜೀವದ ಗೆಳತಿಯರಾದರೂ ಈ ಕೆಲಸಕ್ಕೆ ಒಂದು ಗುಂಪಾಗಲಾರರು. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಿರಬಹುದು, ಬಸ್ಸಿಗೆ ಕಾಯುವ ಹೊತ್ತು ಉಚಿತವಲ್ಲ.

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಒಂದೇ ಮನೆಯ ಅತ್ತೆ ಸೊಸೆ, ಒಂದೇ ಮನೆಯ ನೆಗೆಣ್ಣಿಯರು ಒಂದೇ ಗುಂಪಿನಲ್ಲಿ ಬೇಡ. ಬೆಳಗಿನ ತಿಂಡಿಗೆ ಯಾರು ಎಷ್ಟು ಎಣ್ಣೆ ಹಾಕಿದರು ಎಂಬ ಮಾತು ವಾರದ ಸಭೆಗೆ ಬಂದರೆ, ಸಭೆಯ ಮಾತು ಸಂಜೆ ಮನೆಗೂ ಹೋಗುತ್ತದೆ. ಓಣಿ ಒಂದೇ ಇರಲಿ, ಒಲೆ ಬೇರೆ ಬೇರೆ ಇರಲಿ. ವಯಸ್ಸು ಬೆರೆತಿದ್ದರೆ ಒಳ್ಳೆಯದು. ಹೆರಿಗೆಯ ನಂತರದ ತೂಕ ಹೊತ್ತ ಮೂವತ್ತರವಳಿಗೂ ಮುಟ್ಟು ನಿಲ್ಲುವ ಹೊತ್ತಿನ ಐವತ್ತರವಳಿಗೂ ಅಡ್ಡಿಗಳು ಬೇರೆ, ಆದ್ದರಿಂದ ಹೋಲಿಕೆ ಕಡಿಮೆ, ನೆರವು ಹೆಚ್ಚು.

ಕರೆಯುವಾಗ ಎದುರಿನವಳ ಮೈಯ ಬಗ್ಗೆ ಒಂದು ಅಕ್ಷರವನ್ನೂ ಆಡಬೇಡಿ, ನಿಮ್ಮ ವಿಷಯ ಹೇಳಿ. ‘ವೈನಿ, ನನಗೆ ಬಿಪಿ ಗುಳಿಗೆ ಬರೆದುಕೊಟ್ಟಿದ್ದಾರೆ, ಬೆಳಗ್ಗೆ ನಡೆಯಲು ಜೊತೆ ಬೇಕು, ನೀವು ಬರುತ್ತೀರಾ?’ ಎಂದರೆ ಬರುವವರು ಬರುತ್ತಾರೆ. ‘ನೀವೂ ಸ್ವಲ್ಪ ಇಳಿಸಿಕೊಳ್ಳಬಹುದಲ್ಲ’ ಎಂದರೆ ಆ ಮನೆಯ ಬಾಗಿಲು ಮುಚ್ಚಿತೆಂದೇ ತಿಳಿಯಿರಿ.

ಹೆಜ್ಜೆ 2: ಶುರುವಿಗೆ ಮುಂಚೆ ಒಂದು ತಪಾಸಣೆ

ಗುಂಪಿನವರೆಲ್ಲ ಒಂದೇ ದಿನ ಕೂಡಿ ಹೋಗಿ ಬಿಪಿ, ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಮೂವತ್ತು ದಾಟಿದವರಿಗೆ ಬಿಪಿ ಮತ್ತು ಸಕ್ಕರೆಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲೂ ಉಚಿತವಾಗಿ ಆಗುತ್ತದೆ. ಕಾರಣವಿಲ್ಲದೆ ತೂಕ ಏರುತ್ತಿದೆ, ಸದಾ ಸುಸ್ತು, ಮುಟ್ಟು ಏರುಪೇರು ಎನ್ನುವವರು ಥೈರಾಯ್ಡ್ ಮತ್ತು ಪಿಸಿಓಡಿ (ಅಂಡಾಶಯದ ತೊಂದರೆ) ಬಗ್ಗೆಯೂ ವೈದ್ಯರನ್ನು ಕೇಳಬೇಕು. ಹಿಮೋಗ್ಲೋಬಿನ್ ಮಾತು ಏಕೆಂದರೆ, ದಪ್ಪವಿದ್ದವಳಿಗೆ ರಕ್ತಹೀನತೆ ಇರಲಾರದು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಎರಡೂ ಒಟ್ಟಿಗೆ ಇರುತ್ತವೆ. ಅಂಥವಳು ಊಟ ಬಿಟ್ಟರೆ ತೂಕಕ್ಕಿಂತ ಮೊದಲು ಕಾಲಿನ ಶಕ್ತಿ ಹೋಗುತ್ತದೆ.

ಗರ್ಭಿಣಿಯರು ತೂಕ ಇಳಿಸುವ ಪ್ರಯತ್ನ ಮಾಡಲೇಬಾರದು. ಮೊಲೆಯೂಡಿಸುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಇನ್ಸುಲಿನ್ ಅಥವಾ ಸಕ್ಕರೆಯ ಗುಳಿಗೆ ತೆಗೆದುಕೊಳ್ಳುವವರು ಊಟದ ಅಳತೆ ಬದಲಾಯಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧದ ಪ್ರಮಾಣ ಹಾಗೆಯೇ ಇದ್ದು ಊಟ ಮಾತ್ರ ಇಳಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಅಂಥವರು ನಡೆಯುವಾಗ ಬೆಲ್ಲದ ಚೂರನ್ನೋ ಸಕ್ಕರೆಯನ್ನೋ ಸೆರಗಿನಲ್ಲಿ ಕಟ್ಟಿಕೊಂಡಿರಲಿ. ಕೈ ನಡುಗಿ, ಬೆವರಿ, ತಲೆ ತಿರುಗಿದರೆ ಏನು ಮಾಡಬೇಕೆಂಬುದು ಜೊತೆಗಿರುವವರಿಗೂ ಗೊತ್ತಿರಲಿ.

ಹೆಜ್ಜೆ 3: ಮೊದಲ ಸಭೆ

ಚಹಾ ಇರಲಿ, ಭಜಿ ಬೇಡ. ಮೊದಲ ಸಭೆಯಲ್ಲಿ ಮೂರೇ ಕೆಲಸ.

ಗುರಿ ಬರೆಯುವುದು ಮೊದಲನೆಯದು. ಭಾರತೀಯರ ಮೈಕಟ್ಟಿಗೆ ಹೆಚ್ಚು ತೂಕದ ಗೆರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23, ಬೊಜ್ಜಿನ ಗೆರೆ 25. ಐದಡಿ ಒಂದಿಂಚು, ಅಂದರೆ 155 ಸೆಂ.ಮೀ. ಎತ್ತರದವಳಿಗೆ ಇದು ಸುಮಾರು 55 ಕಿಲೋ ಮತ್ತು 60 ಕಿಲೋ. ಈ ಲೆಕ್ಕ ಕೇಳಿದ ತಕ್ಷಣ ಸಭೆಯಲ್ಲಿ ಅರ್ಧ ಜನ ಎದ್ದು ಹೋಗುವಂತೆ ಕಾಣುತ್ತಾರೆ. ಅದಕ್ಕೇ ಗುರಿಯನ್ನು ಅಲ್ಲಿ ಇಡಬೇಡಿ. ಈಗಿನ ತೂಕದ ಶೇ. 5 ಇಳಿದರೂ ಬಿಪಿ, ಸಕ್ಕರೆಗಳಲ್ಲಿ ಗುಣ ಕಾಣಿಸತೊಡಗುತ್ತದೆ. ಎಪ್ಪತ್ತು ಕಿಲೋ ಇದ್ದವಳಿಗೆ ಅದು ಮೂರೂವರೆ ಕಿಲೋ. ಮೂರು ತಿಂಗಳ ಗುರಿ ಅಷ್ಟೇ ಇರಲಿ. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯಬೇಕೆಂಬ ಹಟ ಬೇಡ. ವೈದ್ಯರ ಕಣ್ಗಾವಲಿಲ್ಲದೆ ದಿನದ ಊಟವನ್ನು 1,200 ಕ್ಯಾಲೊರಿಗಿಂತ ಕೆಳಗೆ ಯಾರೂ ಇಳಿಸಬಾರದು.

ಎರಡನೆಯದು ಸೊಂಟದ ಅಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಲಿಗೆಯ ಟೇಪಿನಿಂದ ಅಳೆಯಿರಿ. ಹೆಣ್ಣುಮಕ್ಕಳಲ್ಲಿ ಅದು 80 ಸೆಂ.ಮೀ. ದಾಟಿದ್ದರೆ ಹೊಟ್ಟೆಯ ಸುತ್ತ ಅಪಾಯದ ಕೊಬ್ಬಿದೆ ಎಂದರ್ಥ. ತೂಕದ ಮುಳ್ಳು ಕದಲದ ವಾರಗಳಲ್ಲೂ ಈ ಅಳತೆ ಇಳಿಯುವುದುಂಟು. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಮೂರನೆಯದು ಮಾತಿನ ಕಟ್ಟುಪಾಡು. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು. ಯಾರ ಮೈಯ ಬಗ್ಗೆಯೂ, ಹೊಗಳಿಕೆಗಾದರೂ ಸರಿ, ಟೀಕೆ ಟಿಪ್ಪಣಿ ಇಲ್ಲ. ಕದ್ದು ತಿಂದದ್ದನ್ನು ಹೇಳಿದವಳನ್ನು ನೋಡಿ ಯಾರೂ ನಗಬಾರದು. ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಜೀನ್ ನೈಡೆಚ್ ಎಂಬ ಗೃಹಿಣಿಗೆ ಸರ್ಕಾರಿ ಕ್ಲಿನಿಕ್‌ನಲ್ಲಿ ಊಟದ ಪಟ್ಟಿ ಸಿಕ್ಕಿತ್ತು. ಆದರೆ ಗುಟ್ಟಾಗಿ ಬಿಸ್ಕತ್ತು ತಿನ್ನುವ ಚಟವನ್ನು ಅಲ್ಲಿ ಬಾಯಿಬಿಟ್ಟು ಹೇಳಲು ಆಕೆಗೆ ಆಗಲಿಲ್ಲ. 1961ರಲ್ಲಿ ಕೆಲವು ಗೆಳತಿಯರನ್ನು ಮನೆಗೆ ಕರೆದು ಅದನ್ನೇ ಹೇಳಿಕೊಂಡಳು. ಅವರೂ ತಮ್ಮ ತಮ್ಮ ಗುಟ್ಟು ಬಿಚ್ಚಿದರು. ಆ ಕೂಟವೇ 1963ರಲ್ಲಿ ವೇಟ್ ವಾಚರ್ಸ್ ಎಂಬ ಸಂಸ್ಥೆಯಾಯಿತು. ನಮ್ಮಲ್ಲಿ ಬಿಸ್ಕತ್ತಿನ ಜಾಗದಲ್ಲಿ ಮಗುವಿನ ತಟ್ಟೆಯಲ್ಲಿ ಉಳಿದದ್ದು, ಮಧ್ಯಾಹ್ನ ಮೂರರ ಚೂಡಾ, ರಾತ್ರಿ ಫ್ರಿಜ್ಜಿನ ಬಾಗಿಲಲ್ಲಿ ನಿಂತು ತಿಂದ ಸಿಹಿ. ಹೇಳಿಕೊಳ್ಳುವ ಜಾಗ ಸಿಕ್ಕರೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ಹೆಜ್ಜೆ 4: ತೂಕ ನೋಡುವುದು

ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಏನೂ ತಿನ್ನುವ ಮೊದಲು, ಒಂದೇ ಯಂತ್ರದ ಮೇಲೆ. ಯಂತ್ರ ಒಬ್ಬರ ಮನೆಯ ಒಳಕೋಣೆಯಲ್ಲಿರಲಿ, ಒಬ್ಬೊಬ್ಬರೇ ಒಳಗೆ ಹೋಗಿ ನೋಡಿ ಬರಲಿ. ಪುಸ್ತಕದಲ್ಲಿ ತೂಕ ಬರೆಯಬೇಡಿ. ಹೋದ ವಾರಕ್ಕಿಂತ ಎಷ್ಟು ವ್ಯತ್ಯಾಸ ಎಂಬುದನ್ನಷ್ಟೇ ಬರೆಯಿರಿ. ಅದನ್ನೂ ಬರೆಯಲೊಲ್ಲದವಳು ‘ನೋಡಿದೆ’ ಎಂದು ಒಂದು ಗುರುತು ಹಾಕಿದರೆ ಸಾಕು.

ಉಪ್ಪಿನ ಊಟ ಮಾಡಿದ ಮರುದಿನ, ಮುಟ್ಟಿಗೆ ಮುಂಚಿನ ದಿನಗಳಲ್ಲಿ, ನೀರಿನಿಂದಲೇ ಒಂದೆರಡು ಕಿಲೋ ಏರುವುದುಂಟು. ಅದು ಕೊಬ್ಬಲ್ಲ. ನಾಲ್ಕು ವಾರದ ಒಟ್ಟು ಓಟ ನೋಡಿ, ಒಂದು ವಾರದ ಅಂಕಿಗೆ ಅಳಬೇಡಿ. ಎಲ್ಲರೆದುರು ಯಂತ್ರ ಹತ್ತಿಸಿ, ಹೆಚ್ಚು ಇಳಿಸಿದವಳಿಗೆ ಬಹುಮಾನ ಕೊಡುವ ಗುಂಪುಗಳಿವೆ. ಅಲ್ಲಿ ತೂಕ ನೋಡುವ ಹಿಂದಿನ ದಿನ ಉಪವಾಸ, ಮರುದಿನ ಹೋಳಿಗೆ ಊಟ. ಬಹುಮಾನ ಕೊಡಲೇಬೇಕೆಂದರೆ ವಾರದಲ್ಲಿ ಹೆಚ್ಚು ದಿನ ನಡೆದವಳಿಗೆ ಕೊಡಿ.

ಹೆಜ್ಜೆ 5: ಜೋಡಿ ಮಾಡಿಕೊಳ್ಳುವುದು

ವಾರದ ಸಭೆ ಒಂದು ಗಂಟೆ. ಉಳಿದ ಹೊತ್ತಿಗೆ ಆಸರೆ ಬೇಕಲ್ಲ. ಆದ್ದರಿಂದ ಇಬ್ಬಿಬ್ಬರ ಜೋಡಿ ಮಾಡಿ, ತಿಂಗಳಿಗೊಮ್ಮೆ ಜೋಡಿ ಬದಲಾಯಿಸಿ. ಆಪ್ತ ಗೆಳತಿಯರನ್ನೇ ಜೋಡಿ ಮಾಡಬೇಡಿ, ಅವರು ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಡುತ್ತಾರೆ.

ಜೋಡಿಯವಳ ಕೆಲಸ ಹುರಿದುಂಬಿಸುವುದಲ್ಲ. ‘ನಿನ್ನಿಂದ ಆಗುತ್ತದೆ, ಬಿಡಬೇಡ’ ಎಂಬ ಮಾತು ಕೇಳಲು ಚೆಂದ, ಆದರೆ ಅದರಿಂದ ಮಗುವಿನ ಶಾಲೆಯ ಡಬ್ಬಿ ತಯಾರಾಗುವುದಿಲ್ಲ. ಇನ್ನೊಬ್ಬಳ ದಾರಿಯಲ್ಲಿ ಬಿದ್ದಿರುವ ಒಂದು ಕಲ್ಲನ್ನು ಎತ್ತಿ ಬದಿಗಿಡುವುದೇ ಆಸರೆ. ಅದಕ್ಕೆ ಮೊದಲು ಕೇಳಬೇಕು: ‘ಈ ವಾರ ನಿನಗೆ ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ?’ ಉತ್ತರ ಸಾಮಾನ್ಯವಾಗಿ ಮನಸ್ಸಿನ ದೌರ್ಬಲ್ಯವಾಗಿರುವುದಿಲ್ಲ. ನಲ್ಲಿಯ ನೀರು ಬರುವ ದಿನ ಬೆಳಗ್ಗೆ ಹೊರಗೆ ಹೋಗಲಾಗಲಿಲ್ಲ. ಮಾವನವರ ಗುಳಿಗೆಯ ಹೊತ್ತು. ಕತ್ತಲಲ್ಲಿ ಬೀದಿನಾಯಿಗಳ ಭಯ. ಹಾಕಿಕೊಳ್ಳಲು ಬೂಟಿಲ್ಲ. ಇವಕ್ಕೆ ಉತ್ತರವಿದೆ. ನೀರಿನ ದಿನ ಬಿಟ್ಟು ಉಳಿದ ದಿನ ನಡೆಯಿರಿ. ನಾಯಿಯ ಭಯಕ್ಕೆ ಜೋಡಿಯವಳು ಬಾಗಿಲವರೆಗೆ ಬರಲಿ. ಮಕ್ಕಳು ಚಿಕ್ಕವರಿದ್ದರೆ ಒಬ್ಬಳು ನಡೆಯುವಾಗ ಇನ್ನೊಬ್ಬಳ ಮನೆಯಲ್ಲಿ ಇಬ್ಬರ ಮಕ್ಕಳೂ ಇರಲಿ, ಮರುದಿನ ಸರದಿ ಬದಲು.

ದಿನಕ್ಕೊಂದು ಕರೆ ಮಾಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಬೆಳಗಿನ ಉತ್ಸಾಹದ ಹೊತ್ತಲ್ಲ, ರಾತ್ರಿ ಒಂಬತ್ತೂವರೆ ಹತ್ತರ ಹೊತ್ತು. ನಮ್ಮ ಬಹಳ ಮನೆಗಳಲ್ಲಿ ಗಂಡ ಅಂಗಡಿಯಿಂದಲೋ ಡ್ಯೂಟಿಯಿಂದಲೋ ಬಂದು ಉಂಡ ಮೇಲೆಯೇ ಹೆಂಗಸಿನ ಊಟ. ಅಷ್ಟೊತ್ತಿಗೆ ಹಸಿವು ಸತ್ತು ಆಯಾಸ ಉಳಿದಿರುತ್ತದೆ, ಪಾತ್ರೆಯಲ್ಲಿ ಅನ್ನ ಉಳಿದಿರುತ್ತದೆ. ಚೆಲ್ಲಲು ಮನಸ್ಸು ಬಾರದು. ಆ ಅನ್ನ ಹೊಟ್ಟೆಗೆ ಹೋಗುತ್ತದೆ. ಎರಡು ನಿಮಿಷದ ಕರೆ ಆ ಹೊತ್ತಿಗೆ ಬಂದರೆ ಸಾಕು: ‘ಉಳಿದದ್ದನ್ನು ಫ್ರಿಜ್ಜಿಗೆ ಇಟ್ಟೆಯಾ ಅಕ್ಕ?’ ‘ಇಟ್ಟೆ, ನಾಳೆ ಚಿತ್ರಾನ್ನ.’ ಫೋನ್ ಇಟ್ಟುಬಿಡಿ, ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಿಲ್ಲ.

ಹೆಜ್ಜೆ 6: ಅಡುಗೆಮನೆ

ನಮ್ಮ ಊಟ ಕೆಟ್ಟದ್ದಲ್ಲ. ಬಿಳಿಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಇವುಗಳನ್ನು ಬಿಟ್ಟು ಓಟ್ಸ್‌ಗೆ ಹೋಗುವ ಅಗತ್ಯ ಯಾರಿಗೂ ಇಲ್ಲ. ತೊಡಕಿರುವುದು ಅಳತೆಯಲ್ಲಿ. ಆದ್ದರಿಂದ ಮೊದಲ ತಿಂಗಳು ಏನನ್ನೂ ಬಿಡಬೇಡಿ, ಅಳೆಯುವುದನ್ನು ಮಾತ್ರ ಕಲಿಯಿರಿ.

ರೊಟ್ಟಿಯಿಂದ ಶುರುಮಾಡಿ. ಒಂದು ಕಿಲೋ ಜೋಳದ ಹಿಟ್ಟಿನಲ್ಲಿ ನಿಮ್ಮ ಕೈಯಲ್ಲಿ ಎಷ್ಟು ರೊಟ್ಟಿ ಆಗುತ್ತವೆ ಎಂದು ಒಮ್ಮೆ ಎಣಿಸಿ. ಇಪ್ಪತ್ತು ಆದರೆ ಒಂದಕ್ಕೆ 50 ಗ್ರಾಂ ಹಿಟ್ಟು, ಸುಮಾರು 170 ಕ್ಯಾಲೊರಿ. ಹದಿನಾಲ್ಕೇ ಆದರೆ ಅದೇ ರೊಟ್ಟಿ 250 ಮುಟ್ಟುತ್ತದೆ. ‘ನಾನು ಎರಡೇ ರೊಟ್ಟಿ ತಿನ್ನುವುದು’ ಎನ್ನುವ ಇಬ್ಬರ ನಡುವೆ ಒಂದು ಹೊತ್ತಿಗೆ 160 ಕ್ಯಾಲೊರಿಯಷ್ಟು ಅಂತರ ಹೀಗೆ ಹುಟ್ಟುತ್ತದೆ. ಗುಂಪಿನವರೆಲ್ಲ ಒಂದೇ ವಾರ ಈ ಎಣಿಕೆ ಮಾಡಿ ಸಭೆಗೆ ತಂದರೆ ಒಳ್ಳೆಯ ನಗೆ, ಒಳ್ಳೆಯ ಪಾಠ ಎರಡೂ ಆಗುತ್ತವೆ. ಖಡಕ್ ರೊಟ್ಟಿಯ ಬಗ್ಗೆ ಎಚ್ಚರ. ತೆಳ್ಳಗೆ ಹಗುರವಿದೆಯೆಂದು ಮಾತಿನ ಭರದಲ್ಲಿ ನಾಲ್ಕೈದು ಮುರಿದು ತಿನ್ನುತ್ತೇವೆ. ನೀರು ಹೋಗಿದೆಯೇ ಹೊರತು ಹಿಟ್ಟು ಎಲ್ಲಿಗೂ ಹೋಗಿಲ್ಲ.

ಮುಂದಿನದು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಶೇಂಗಾದಲ್ಲಿ ಪ್ರೋಟೀನ್ ಇದೆ, ಒಳ್ಳೆಯದೇ. ಆದರೆ ನೂರು ಗ್ರಾಂಗೆ ಸುಮಾರು 565 ಕ್ಯಾಲೊರಿಯೂ ಇದೆ. ಹತ್ತು ಗ್ರಾಂನ ಒಂದು ಚಮಚ ಹಿಂಡಿಗೆ ಐವತ್ತಕ್ಕೂ ಹೆಚ್ಚು. ಮೇಲೆ ಎಣ್ಣೆ ಬಿಟ್ಟುಕೊಂಡರೆ ದೊಡ್ಡ ಚಮಚಕ್ಕೆ ಇನ್ನೂ 120 ಸೇರುತ್ತದೆ. ಡಬ್ಬಿಯನ್ನು ತಟ್ಟೆಯ ಪಕ್ಕ ಇಟ್ಟುಕೊಳ್ಳಬೇಡಿ. ಒಂದು ಚಮಚ ತಟ್ಟೆಗೆ ಹಾಕಿ ಡಬ್ಬಿಯನ್ನು ಮೇಲಿಡಿ. ಎಣ್ಣೆಯ ಬದಲು ಮೊಸರಿನಲ್ಲಿ ಕಲಸಿ ನೋಡಿ, ಹಿಂಡಿಗೆ ಮೊಸರು ಒಗ್ಗುತ್ತದೆ.

ಎಣ್ಣೆಯ ಲೆಕ್ಕಕ್ಕೆ ಕಾಗದ ಬೇಡ, ಬಾಟಲಿ ಸಾಕು. ತಲೆಗೆ ತಿಂಗಳಿಗೆ ಅರ್ಧ ಲೀಟರ್‌ನಂತೆ, ಐವರ ಮನೆಗೆ ಎರಡೂವರೆ ಲೀಟರ್ ಬೇರೆ ತೆಗೆದಿಡಿ. ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಿಂದ ವಾರದ ನಾಲ್ಕು ಗೆರೆ ಎಳೆಯಿರಿ. ಮೊದಲ ತಿಂಗಳು ಎಣ್ಣೆ ಹದಿನೈದು ದಿನಕ್ಕೇ ಮುಗಿದರೆ ಆಶ್ಚರ್ಯವಿಲ್ಲ. ಎಣ್ಣೆಗಾಯಿ ಮಾಡಿದ ದಿನ ಗೆರೆ ಎಷ್ಟು ಕೆಳಗಿಳಿಯಿತು ಎಂದು ಕಣ್ಣಾರೆ ನೋಡಿದವಳಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಬದನೆಕಾಯಿಯನ್ನು ಮೊದಲು ಹಬೆಯಲ್ಲಿ ಬೇಯಿಸಿ ಆಮೇಲೆ ಮಸಾಲೆಗೆ ಹಾಕಿದರೆ ಅರ್ಧ ಎಣ್ಣೆಯಲ್ಲಿ ಮುಗಿಯುತ್ತದೆ, ಮನೆಯವರಿಗೆ ಗೊತ್ತಾಗುವುದೂ ಇಲ್ಲ.

ಚಹಾ. ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಐದು ಕಪ್ಪು ಎಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಹಾ ಬಿಡಿಸಲು ಹೋಗಬೇಡಿ, ಕಲಬುರಗಿಯಲ್ಲಿ ಅದು ಆಗದ ಮಾತು. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸಿ, ನಾಲಿಗೆ ತಿಂಗಳೊಳಗೆ ಒಪ್ಪುತ್ತದೆ. ಹೋದವರ ಮನೆಯಲ್ಲೆಲ್ಲ ಚಹಾ ಬೇಡ ಎನ್ನಲಾಗದಿದ್ದರೆ ‘ಅರ್ಧ ಕಪ್ಪು ಕೊಡಿ’ ಎಂದರಾಯಿತು.

ಕೊನೆಗೆ ಬೇಳೆ. ಭೌಗೋಳಿಕ ಗುರುತು ಪಡೆದ ತೊಗರಿಯ ಜಿಲ್ಲೆ ನಮ್ಮದು. ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಆದರೆ ಕೊನೆಗೆ ಉಣ್ಣುವವಳ ಪಾಲಿಗೆ ಉಳಿಯುವುದು ತಿಳಿಸಾರು, ಬೇಳೆಯೆಲ್ಲ ಮೊದಲೇ ಬಡಿಸಿಹೋಗಿರುತ್ತದೆ. ಪ್ರೋಟೀನ್ ಕಡಿಮೆಯಾದರೆ ಬೇಗ ಹಸಿವಾಗುತ್ತದೆ, ತೂಕ ಇಳಿಯುವಾಗ ಸ್ನಾಯುವೂ ಕರಗುತ್ತದೆ. ಆದ್ದರಿಂದ ಈ ಒಂದು ವಿಷಯದಲ್ಲಿ ಸ್ವಾರ್ಥಿಗಳಾಗಿ: ಅಡುಗೆ ಮುಗಿದ ತಕ್ಷಣ ನಿಮ್ಮ ಪಾಲಿನ ಗಟ್ಟಿ ಬೇಳೆಯನ್ನೋ ಮೊಳಕೆ ಕಾಳನ್ನೋ ಮೊಟ್ಟೆಯನ್ನೋ ಒಂದು ಬಟ್ಟಲಲ್ಲಿ ತೆಗೆದಿಡಿ. ಅರ್ಧ ತಟ್ಟೆ ಸೊಪ್ಪು, ತರಕಾರಿ, ಪಚಡಿ ಇರಲಿ. ಕಾಲು ಭಾಗ ರೊಟ್ಟಿ ಅಥವಾ ಅನ್ನ, ಎರಡೂ ಅಲ್ಲ. ಉಳಿದ ಕಾಲು ಈ ಬಟ್ಟಲು. ಸಾಧ್ಯವಾದರೆ ರಾತ್ರಿ ಎಂಟಕ್ಕೆ ಮಕ್ಕಳೊಂದಿಗೇ ಉಂಡುಬಿಡಿ.

ಹೆಜ್ಜೆ 7: ನಡಿಗೆ

ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಅಪ್ಪನ ಕೆರೆಯ ಸುತ್ತಲೋ ಪಬ್ಲಿಕ್ ಗಾರ್ಡನ್‌ನಲ್ಲೋ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೋ ನಿಮಗೆ ಹತ್ತಿರವಾದ ಕಡೆ ನಡೆಯಿರಿ. ಅಲ್ಲಿಯವರೆಗೆ ಹೋಗಲು ಆಟೋ ಬೇಕಾಗುವುದಾದರೆ ನಿಮ್ಮ ಬಡಾವಣೆಯ ದೀಪವಿರುವ ರಸ್ತೆಯೇ ಮೇಲು.

ಈ ಊರಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನೆಯೂ ಏಪ್ರಿಲ್ ದಾಟುವುದಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ದಿನಗಳಲ್ಲಿ ಸಂಜೆ ಏಳಕ್ಕೂ ನೆಲದಿಂದ ಝಳ ಏಳುತ್ತದೆ. ಹೊರಗಿನ ನಡಿಗೆಯನ್ನು ಬೆಳಗಿನ ಐದೂವರೆಯಿಂದ ಆರೂವರೆಯೊಳಗೆ ಮುಗಿಸಿ. ಅದೂ ಆಗದ ದಿನ ಯಾರದಾದರೂ ಮನೆಯ ಹಜಾರದಲ್ಲಿ ಅರ್ಧ ಗಂಟೆ ಒಂದೇ ಕಡೆ ಹೆಜ್ಜೆ ಹಾಕಿ. ಸೀರೆಯಾಗಲಿ ಬುರ್ಖಾ ಆಗಲಿ ನಡಿಗೆಗೆ ಅಡ್ಡಿಯಲ್ಲ, ಚಪ್ಪಲಿ ಅಡ್ಡಿ. ಮೊದಲ ಖರ್ಚು ಬೂಟಿನ ಮೇಲಿರಲಿ.

ನಡಿಗೆಯೊಂದೇ ಸಾಲದು, ವಾರಕ್ಕೆ ಎರಡು ದಿನ ಸ್ನಾಯುವಿಗೂ ಕೆಲಸ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಬಾರಿ, ಗೋಡೆಗೆ ಕೈ ಒತ್ತಿ ದೂಡುವುದು ಹತ್ತು ಬಾರಿ, ಸ್ವಲ್ಪ ಬಿಡುವು, ಮತ್ತೆ ಎರಡು ಸಲ. ಸಭೆಯ ದಿನ ಎಲ್ಲರೂ ಕೂಡಿ ಮಾಡಿದರೆ ನಾಚಿಕೆ ಹೋಗುತ್ತದೆ. ಮೊಣಕಾಲು ನೋವಿರುವವರು ಎತ್ತರದ ಕುರ್ಚಿ ಬಳಸಲಿ, ನೋವು ಹೆಚ್ಚಾದರೆ ನಿಲ್ಲಿಸಲಿ.

ಹೆಜ್ಜೆ 8: ಮನೆಯವರು, ಬೀಗರು, ಹಬ್ಬಗಳು

ಮನೆಯಲ್ಲಿ ಘೋಷಣೆ ಮಾಡಬೇಡಿ. ‘ಇನ್ನು ಮೇಲೆ ಈ ಮನೆಯಲ್ಲಿ ಕರಿದದ್ದು ಇಲ್ಲ’ ಎಂದ ದಿನವೇ ಗಂಡನಿಗೆ ಭಜಿಯ ಆಸೆ ಹುಟ್ಟುತ್ತದೆ. ಕೇಳಬೇಕಾದದ್ದು ಒಂದೇ: ಬೆಳಗಿನ ಒಂದು ಗಂಟೆ. ಅದನ್ನು ಬಿಪಿಯ ಹೆಸರಿನಲ್ಲಿ, ವೈದ್ಯರ ಹೆಸರಿನಲ್ಲಿ ಕೇಳಿದರೆ ಸುಲಭವಾಗಿ ಸಿಗುತ್ತದೆ. ಅತ್ತೆಯವರ ಆಕ್ಷೇಪಕ್ಕೆ ಗುಂಪಿನ ಹಿರಿಯಳೊಬ್ಬಳು ಮನೆಗೆ ಬಂದು ಹತ್ತು ನಿಮಿಷ ಕುಳಿತು ಹೋಗುವುದಕ್ಕಿಂತ ಒಳ್ಳೆಯ ಮದ್ದು ಕಂಡಿಲ್ಲ.

ತೂಕ ಇಳಿಯತೊಡಗಿದ ಮೇಲೆ ಹೊಸ ಕಾಟ ಶುರುವಾಗುತ್ತದೆ. ಮದುವೆಮನೆಯಲ್ಲಿ ಸಿಕ್ಕ ಕಾಕು ಮುಖ ನೋಡಿ ‘ಏನಮ್ಮ ಇಷ್ಟು ಸೊರಗಿದ್ದೀಯ, ಶುಗರ್ ಬಂದಿದೆಯೇ?’ ಎನ್ನುತ್ತಾರೆ. ಹಿಂದಿನ ವರ್ಷ ‘ದಪ್ಪಗಾಗಿದ್ದೀಯಲ್ಲ’ ಎಂದವರೂ ಅವರೇ. ಈ ಪ್ರಶ್ನೆಗೆ ಸಭೆಯಲ್ಲೇ ಉತ್ತರ ತಯಾರಿಸಿಟ್ಟುಕೊಳ್ಳಿ: ‘ಇಲ್ಲ ಕಾಕು, ಬರಬಾರದೆಂದು ನಡೆಯುತ್ತಿದ್ದೇನೆ, ನೀವೂ ಬನ್ನಿ.’

ಹಬ್ಬದಲ್ಲಿ ಹೋಳಿಗೆ ಬೇಡವೆನ್ನುವುದು ಶಿಸ್ತಲ್ಲ, ಹಬ್ಬಕ್ಕೆ ಅವಮಾನ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣಿರಿ. ಆ ಭಜ್ಜಿಯಲ್ಲಿರುವಷ್ಟು ಬಗೆಯ ಕಾಳು ಸೊಪ್ಪುಗಳು ಯಾವ ಡಯಟ್ ಪಟ್ಟಿಯಲ್ಲೂ ಸಿಗುವುದಿಲ್ಲ. ಶೇಂಗಾ ಹೋಳಿಗೆ ಒಂದು ತಿಂದು, ಉಳಿದವನ್ನು ಹಂಚಿ. ತೊಂದರೆ ಮಾಡುವುದು ಹಬ್ಬದ ಒಂದು ದಿನವಲ್ಲ, ಡಬ್ಬಿಯಲ್ಲಿ ಉಳಿದದ್ದನ್ನು ತಿನ್ನುವ ಮುಂದಿನ ವಾರ. ನಾಗರಪಂಚಮಿಯ ಉಂಡಿಗಳಿಗೂ ಇದೇ ಮಾತು. ಶರಣಬಸವೇಶ್ವರ ಜಾತ್ರೆಗೆ ಗುಂಪಾಗಿ ನಡೆದೇ ಹೋಗಿ, ಮಿರ್ಚಿ ಭಜಿಯ ಒಂದು ತಟ್ಟೆಯನ್ನು ಮೂವರು ಹಂಚಿಕೊಳ್ಳಿ.

ಉಪವಾಸಗಳನ್ನು ತೂಕ ಇಳಿಸುವ ದಾರಿ ಎಂದುಕೊಳ್ಳಬೇಡಿ. ಶ್ರಾವಣ ಸೋಮವಾರದ ಸಾಬುದಾಣಿ ಬಹುಪಾಲು ಬರೀ ಪಿಷ್ಟ. ಅದಕ್ಕೆ ತುಪ್ಪ, ಶೇಂಗಾ ಸೇರಿದರೆ ಉಪವಾಸದ ದಿನವೇ ಹೆಚ್ಚು ಕ್ಯಾಲೊರಿ. ಹಣ್ಣು, ಮಜ್ಜಿಗೆಯಲ್ಲಿ ಮುಗಿಸಬಹುದು. ಗುಂಪಿನಲ್ಲಿ ರೋಜಾ ಇಡುವವರಿದ್ದರೆ ರಮ್ಜಾನ್ ತಿಂಗಳಲ್ಲಿ ನಡಿಗೆಯನ್ನು ಇಫ್ತಾರ್ ಆದ ಮೇಲಿನ ಹೊತ್ತಿಗೆ ಹೊಂದಿಸಿ, ಆ ತಿಂಗಳು ತೂಕ ಏರದಿದ್ದರೆ ಅದೇ ಗೆಲುವೆಂದು ಬರೆದುಕೊಳ್ಳಿ. ಸಕ್ಕರೆ ಕಾಯಿಲೆಯವರು ರೋಜಾಕ್ಕೂ ಮುಂಚೆ ವೈದ್ಯರನ್ನು ಕಾಣಲಿ.

ಹೆಜ್ಜೆ 9: ಗುಂಪು ಕೆಡುವ ಬಗೆಗಳು

ಪುಡಿ ಮಾರುವವರು ಮೊದಲ ಶತ್ರು. ಎರಡು ತಿಂಗಳು ಚೆನ್ನಾಗಿ ನಡೆದ ಗುಂಪಿಗೆ ಯಾರೋ ಒಬ್ಬರು ಡಬ್ಬಿಯೊಂದಿಗೆ ಬರುತ್ತಾರೆ. ಊಟದ ಬದಲು ಕುಡಿಯುವ ಶೇಕ್, ಕೊಬ್ಬು ಕರಗಿಸುವ ಚಹಾ, ಜೊತೆಗೆ ‘ನೀವೂ ನಾಲ್ಕು ಜನರನ್ನು ಸೇರಿಸಿದರೆ ಕಮಿಷನ್’. ಆ ದಿನದಿಂದ ಗೆಳತಿಯರೆಲ್ಲ ಗಿರಾಕಿಗಳಾಗುತ್ತಾರೆ. ಗುಂಪಿನೊಳಗೆ ಯಾವುದನ್ನೂ ಮಾರುವಂತಿಲ್ಲ ಎಂಬುದನ್ನು ಮೊದಲ ದಿನವೇ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಮೆಡಿಕಲ್ ಅಂಗಡಿಯಿಂದ ತೂಕದ ಗುಳಿಗೆಯನ್ನು ಚೀಟಿಯಿಲ್ಲದೆ ತರಿಸಿಕೊಳ್ಳುವುದಕ್ಕೂ ಇದೇ ಅಡ್ಡಗೆರೆ.

ವಾಟ್ಸ್ಆ್ಯಪ್‌ನಲ್ಲಿ ನಾಳೆಯ ನಡಿಗೆಯ ಹೊತ್ತು, ಸಭೆಯ ಮನೆ, ಇವಿಷ್ಟೇ ಇರಲಿ. ಮೊದಲು ಹೀಗಿದ್ದೆ, ಈಗ ಹೀಗಿದ್ದೇನೆ ಎಂಬ ಚಿತ್ರಗಳು ಬೇಡ.

ಬೇಗ ಇಳಿಸಿದವಳು ಗುರುವಾಗಿಬಿಡುವುದು ಇನ್ನೊಂದು. ಅವಳಿಗೆ ಪುಸ್ತಕ ಬರೆಯುವ ಕೆಲಸ ಕೊಡಿ, ಕೈ ತುಂಬಿದರೆ ಬಾಯಿ ಕಡಿಮೆಯಾಗುತ್ತದೆ. ನಾಲ್ಕು ವಾರ ಏನೂ ಇಳಿಯದವಳ ಅಳತೆಗಳನ್ನು ಜೋಡಿಯವಳು ಕುಳಿತು ಮತ್ತೊಮ್ಮೆ ನೋಡಲಿ. ಹೆಚ್ಚಾಗಿ ಎಣ್ಣೆಯ ಗೆರೆಯಲ್ಲೋ ಚಹಾದ ಕಪ್ಪಿನಲ್ಲೋ ಉತ್ತರ ಸಿಗುತ್ತದೆ. ಸಿಗದಿದ್ದರೆ ಮತ್ತೆ ವೈದ್ಯರು. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಊಟವೂ ಕಡಿಮೆಯಾಗುವುದರಿಂದ ಒಂದು ಹಂತದಲ್ಲಿ ಮುಳ್ಳು ನಿಲ್ಲುವುದು ಸಹಜ ಎಂಬುದನ್ನೂ ಅವಳಿಗೆ ಹೇಳಿ.

ಎರಡು ವಾರ ಬಾರದವಳ ಮನೆಗೆ ಇಬ್ಬರು ಹೋಗಿ ಬನ್ನಿ. ಏಕೆ ಬರಲಿಲ್ಲ ಎಂದು ಕೇಳಬೇಡಿ, ನಾಳೆ ಐದೂವರೆಗೆ ಕರೆಯಲು ಬರುತ್ತೇವೆ ಎಂದು ಹೇಳಿ ಬನ್ನಿ. ಊಟವನ್ನು ಪೂರ್ತಿ ಬಿಟ್ಟಿರುವವಳು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವವಳು, ಸದಾ ಅಳುವವಳು ಕಂಡರೆ ಅದು ಗುಂಪು ಬಗೆಹರಿಸುವ ವಿಷಯವಲ್ಲ. ತಡಮಾಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಹಣವಿಲ್ಲದೆ ಮಾನಸಿಕ ಆರೋಗ್ಯದ ಸಲಹೆ ಕೊಡುವ ಟೆಲಿಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಹೆಜ್ಜೆ 10: ಆರು ತಿಂಗಳ ನಂತರ

ತೂಕ ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಗುರಿ ಮುಟ್ಟಿದ್ದಕ್ಕೆ ಗುಂಪನ್ನು ಮುಚ್ಚಬೇಡಿ. ಸಭೆಯನ್ನು ಹದಿನೈದು ದಿನಕ್ಕೊಮ್ಮೆ ಮಾಡಿ, ನಡಿಗೆ ಮತ್ತು ವಾರದ ತೂಕ ಹಾಗೆಯೇ ಮುಂದುವರಿಯಲಿ. ಎರಡು ಕಿಲೋ ಮರಳಿ ಏರಿದವಳಿಗೆ ರಾತ್ರಿಯ ಕರೆ ಮತ್ತೆ ಶುರುವಾಗಲಿ, ಅವಳು ಕೇಳುವವರೆಗೆ ಕಾಯಬೇಡಿ. ಹೊಸಬರು ಬಂದು ಸಂಖ್ಯೆ ಎಂಟು ದಾಟಿದರೆ ಗುಂಪನ್ನು ಎರಡು ಮಾಡಿ, ಹಳಬರಿಬ್ಬರು ಹೊಸ ಗುಂಪಿಗೆ ಹೋಗಿ ಮೂರು ತಿಂಗಳು ಇದ್ದು ಪುಸ್ತಕ ಬರೆಯುವುದನ್ನು ಹೇಳಿಕೊಟ್ಟು ಬರಲಿ. ತೂಕದ ಯಂತ್ರವನ್ನು ಹಂಚಿಕೊಳ್ಳಲಾಗದು, ಅದೊಂದನ್ನು ಹೊಸ ಗುಂಪಿನವರು ತಾವೇ ಕೊಳ್ಳಲಿ.